ತೆಳ್ಳಗಿನ ಪುಸ್ತಕಗಳ ವರ್ಷ

ರೌಹಾ ಹೂಗುಚ್ಛವನ್ನು ಶವಪೆಟ್ಟಿಗೆಯ ಪಕ್ಕ ಇಟ್ಟು, ಅದಕ್ಕೆ ಕಟ್ಟಿದ್ದ ಬಿಳಿ ಪಟ್ಟಿಯನ್ನು ಬೆರಳಿನಿಂದ ಬಿಡಿಸಿದಳು. ಚರ್ಚಿನಲ್ಲಿದ್ದ ನಲವತ್ತು ಚಿಲ್ಲರೆ ಜನ ಬೆನ್ನು ನೆಟ್ಟಗೆ ಮಾಡಿ ಕೂತರು. ಪಟ್ಟಿಯ ಮೇಲೆ ಬರೆಸಿದ ಮಾತನ್ನು ಹೂವು ತಂದವರೇ ಎಲ್ಲರಿಗೂ ಕೇಳುವಂತೆ ಓದುವುದು ಅಲ್ಲಿಯ ಪದ್ಧತಿ. ಅವಳಿಗಿಂತ ಮುಂಚೆ ಹೋದವರೆಲ್ಲ ಓದಿದ್ದರು. ಶಾಲೆಯವರು ಎಂಟು ಸಾಲಿನ ಪದ್ಯ ಓದಿದ್ದರು, ಪಕ್ಕದ ಮನೆಯ ಯಲ್ಮಾರಿ ಮುದುಕ ಕನ್ನಡಕ ಮರೆತು ಬಂದು ಅರ್ಧ ಸ್ವಂತ ಮಾತು ಸೇರಿಸಿದ್ದ. ಈಗ ರೌಹಾಳ ಸರದಿ. ಮೂವತ್ತು ವರ್ಷ ರೈಲ್ವೆ ನಿಲ್ದಾಣದಲ್ಲಿ ಗಾಡಿ ಬರುವುದನ್ನೂ ಹೋಗುವುದನ್ನೂ ಕೂಗಿ ಹೇಳಿದ ಗಂಟಲು ಅವಳದು, ಸತ್ತವಳ ಜೊತೆ ಅದಕ್ಕಿಂತ ಹಳೆಯ ಸ್ನೇಹ. ಏನು ಬರೆಸಿದ್ದಾಳೋ ಎಂಬ ಕುತೂಹಲ ಪಾದ್ರಿಣಿಗೂ ಇತ್ತು.

"ರೌಹಾ," ಎಂದಳು ರೌಹಾ.

ಅಷ್ಟೇ. ಪಟ್ಟಿಯ ಮೇಲೆ ಅವಳ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಅವಳು ತಲೆ ಬಾಗಿಸಿ, ಬಂದ ದಾರಿಯಲ್ಲೇ ಹೋಗಿ ಮೂರನೆಯ ಬೆಂಚಿನಲ್ಲಿ ಕೂತಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಇನ್ನೂ ಸಿಟ್ಟು ಹೋಗಿಲ್ವೇನೇ ನಿಂಗೆ?" ಎಂದು ಯಲ್ಮಾರಿ ಕಿವಿಯ ಹತ್ತಿರ ಬಂದು ಕೇಳಿದ. ಅವನ ಪಿಸುಮಾತು ಊರಿಗೆಲ್ಲ ಕೇಳಿಸುವಂಥದು.

"ಸುಮ್ನಿರು ನೀನು."

"ಸತ್ತವಳ ಮೇಲೆ ಎಂಥ ಸಿಟ್ಟು?"

"ಅವಳು ಸತ್ತಿದ್ದು ಸೆಪ್ಟೆಂಬರಲ್ಲಿ. ನನ್ನ ಸಿಟ್ಟು ಹೋದ ಅಕ್ಟೋಬರಿಂದು. ಅದು ಮೊದಲು ಬಂತು," ಎಂದಳು ರೌಹಾ.

ಹಾಗೆಂದಳೇ ಹೊರತು ಅವಳೊಳಗೆ ಇದ್ದದ್ದು ಬರೀ ಸಿಟ್ಟಲ್ಲ. ಒಂದು ಪ್ರಶ್ನೆ ಹನ್ನೊಂದು ತಿಂಗಳಿಂದ ಅವಳನ್ನು ಕೊರೆಯುತ್ತಿತ್ತು. ಲೆಂಪಿ ತನ್ನನ್ನು ಯಾಕೆ ಬಿಟ್ಟಳು? ಕೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಈಗ ಆ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮೂರು ವಾರ ಆಸ್ಪತ್ರೆಯಲ್ಲಿದ್ದಳು, ಹೋಗಿಬಿಟ್ಟಳು ಎಂದಷ್ಟೇ ಊರಿಗೆ ಗೊತ್ತಿತ್ತು. ರೌಹಾಳಿಗೆ ಗೊತ್ತಾಗಿದ್ದೂ ಅಂಗಡಿಯಲ್ಲಿ ಹಾಲು ಕೊಳ್ಳುವಾಗ, ಊರಿನ ಬಾಯಿಂದಲೇ.

*

ಹೋದ ಅಕ್ಟೋಬರಿನ ಒಂದು ಶುಕ್ರವಾರ ಪುಸ್ತಕದ ಬಸ್ಸು ಎಂದಿನಂತೆ ಸಹಕಾರಿ ಅಂಗಡಿಯ ಮುಂದೆ ನಿಂತಿತ್ತು. ಎರಡು ವಾರಕ್ಕೊಮ್ಮೆ ಬರುವ ಆ ಬಸ್ಸಿನ ತುಂಬ ಪುಸ್ತಕ. ಅದರ ಚಾಲಕನೂ ಗ್ರಂಥಪಾಲಕನೂ ತಾಪಿಯೊ ಒಬ್ಬನೇ. ರೌಹಾ ಒಳಗೆ ಹತ್ತುವಾಗ ಲೆಂಪಿ ದಪ್ಪನೆಯ ಏಳನೆಯ ಸಂಪುಟವನ್ನು ಮೇಜಿನ ಮೇಲೆ ಇಟ್ಟಿದ್ದಳು.

"ಮುಗೀತಾ? ಅಯ್ಯೋ, ನಾನಿನ್ನೂ ಮುನ್ನೂರರಲ್ಲಿದೀನಿ," ಎಂದಳು ರೌಹಾ.

"ಮುಗಿದಿಲ್ಲ. ವಾಪಸ್ ಕೊಡ್ತಿದೀನಿ."

ರೌಹಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಇಬ್ಬರೂ ಇಪ್ಪತ್ತಾರು ಚಳಿಗಾಲಗಳನ್ನು ದಪ್ಪ ಪುಸ್ತಕಗಳ ಜೊತೆ ಕಳೆದಿದ್ದರು. ಒಂದೇ ಪುಸ್ತಕದ ಎರಡು ಪ್ರತಿ ತರಿಸುವುದು, ವಾರವಿಡೀ ಅವರವರ ಮನೆಯಲ್ಲಿ ಓದುವುದು, ಶನಿವಾರ ಸಂಜೆ ಲೆಂಪಿಯ ಸೌನಾದ ಬಿಸಿ ಹಬೆಯಲ್ಲಿ ಬೆವರುತ್ತಾ ಕೂತು ಅದರಲ್ಲಿನ ಜನರ ಬಗ್ಗೆ ಸಂಬಂಧಿಕರ ಹಾಗೆ ಚಾಡಿ ಹೇಳುವುದು. ಈಗ ಓದುತ್ತಿದ್ದದ್ದು ಹೊಳೆದಂಡೆಯ ಮರ ಕೊಯ್ಯುವ ಕಾರ್ಖಾನೆಯ ಮನೆತನವೊಂದರ ಕತೆ, ಒಟ್ಟು ಹನ್ನೆರಡು ಸಂಪುಟ. ಮೂರನೆಯದರಲ್ಲೇ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಇಟ್ಟವರು ಯಾರು ಎಂದು ಏಳನೆಯದಕ್ಕೆ ಬಂದರೂ ಗೊತ್ತಾಗಿರಲಿಲ್ಲ. ಸೊಸೆಯೇ ಎಂದು ರೌಹಾ, ಇಲ್ಲ ಆ ಗುಮಾಸ್ತ ಎಂದು ಲೆಂಪಿ, ಎರಡು ವರ್ಷದಿಂದ ವಾದ ಮಾಡುತ್ತಿದ್ದರು.

"ಇನ್ಮೇಲೆ ತೆಳ್ಳಗಿನ ಪುಸ್ತಕ ಮಾತ್ರ ಓದೋದು ಅಂತ ಇದೀನಿ. ಕಿರುಕಾದಂಬರಿ ಗಿರುಕಾದಂಬರಿ. ಆಮೇಲೆ ನಿಜದ ಪುಸ್ತಕಗಳು. ಜೇನಿನ ಬಗ್ಗೆ, ಕಲ್ಲಿನ ಬಗ್ಗೆ, ಅಂಥವು," ಎಂದಳು ಲೆಂಪಿ.

"ಕಲ್ಲಿನ ಬಗ್ಗೆ!"

"ಹೂಂ. ಏನೂ ಗೊತ್ತಿಲ್ಲ ನೋಡು ನಂಗೆ ಕಲ್ಲಿನ ಬಗ್ಗೆ."

"ಬೆಂಕಿ ಇಟ್ಟವರು ಯಾರು ಅನ್ನೋದು ಬೇಡ್ವಾ ನಿಂಗೆ?"

"ನೀನು ಓದು. ಆಮೇಲೆ ಹೇಳು," ಎಂದಳು ಲೆಂಪಿ, ಮುಖ ನೋಡದೆ.

ರೌಹಾಳಿಗೆ ಮೈಯೆಲ್ಲ ಉರಿಯಿತು. "ಸೋಮಾರಿ ಆಗ್ಬಿಟ್ಟೆ ಕಣೇ ನೀನು. ಇಲ್ಲ, ವಿದ್ವಾಂಸೆ ಆಗೋಕೆ ಹೊರಟಿದೀಯಾ. ಶಾಲೆಯ ಅಡುಗೆಮನೇಲಿ ಮೂವತ್ನಾಲ್ಕು ವರ್ಷ ಆಲೂಗಡ್ಡೆ ಸುಲಿದವಳಿಗೆ ಈಗ ಕಲ್ಲಿನ ಶಾಸ್ತ್ರ!" ಎಂದುಬಿಟ್ಟಳು. ತಾಪಿಯೊ ಕಿಟಕಿಯ ಆಚೆ ನೋಡುತ್ತಾ ನಿಂತ. ಲೆಂಪಿ ನಕ್ಕಳು, ತೊಂಬತ್ತಾರು ಪುಟದ ಒಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು. ಆ ಶನಿವಾರ ರೌಹಾ ಸೌನಾಕ್ಕೆ ಹೋಗಲಿಲ್ಲ, ಮುಂದಿನದಕ್ಕೂ ಇಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ಸಭಾಭವನದ ಕಡೆ ನಡೆದರು. ಅಂಗಳದ ಅಂಚಿನಲ್ಲಿ, ಹಳದಿಯಾದ ಬರ್ಚ್ ಮರಗಳ ಕೆಳಗೆ, ಪುಸ್ತಕದ ಬಸ್ಸು ನಿಂತಿತ್ತು. ಎರಡು ಊರುಗಳ ನಡುವಿನ ಊಟದ ಬಿಡುವಿನಲ್ಲಿ ತಾಪಿಯೊ ಅಂತ್ಯಕ್ರಿಯೆಗೆ ಬಂದಿದ್ದ. ಕಪ್ಪು ಕೋಟಿನ ಕೆಳಗೆ ಅವನ ದಿನದ ಕೆಲಸದ ಪ್ಯಾಂಟೇ ಇತ್ತು. ರೌಹಾ ಅವನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ತಾಪಿಯೊ, ಒಂದು ಮಾತು. ಲೆಂಪಿ ಈ ವರ್ಷವಿಡೀ ಏನೇನು ಓದಿದ್ಳು?"

"ಅದನ್ನ ಹೇಳೋ ಹಾಗಿಲ್ಲ ರೌಹಕ್ಕ."

"ಯಾಕಿಲ್ಲ?"

"ಯಾರು ಏನು ತಗೊಂಡು ಹೋದ್ರು ಅನ್ನೋದು ಗುಟ್ಟು. ಕಾನೂನೇ ಹಾಗಿದೆ."

"ಸತ್ತವಳದ್ದೂ ಗುಟ್ಟಾ?"

"ಸತ್ತವರದ್ದು ಇನ್ನೂ ಗುಟ್ಟು. ಬದುಕಿದ್ರೆ ನೀವು ಅವರನ್ನೇ ಕೇಳಬಹುದಿತ್ತು," ಎಂದ ತಾಪಿಯೊ. ಕುಟುಕಬೇಕೆಂದು ಅಂದ ಮಾತಲ್ಲ, ಆದರೂ ಅದು ರೌಹಾಳಿಗೆ ನಾಟಿತು. ಕೇಳಬಹುದಿತ್ತು, ಹೌದು. ಅಂಗಡಿಯ ಮುಂದೆ, ಬಸ್ಸಿನ ಮೆಟ್ಟಿಲ ಮೇಲೆ, ಎಷ್ಟು ಸಲ ಎದುರಾಗಿದ್ದಳು ಲೆಂಪಿ.

*

ಫೆಬ್ರವರಿಯಲ್ಲೊಮ್ಮೆ ಹಾಗೆ ಎದುರಾಗಿದ್ದರು. ಚಳಿಗೆ ಮೂಗು ಕೆಂಪಾಗಿತ್ತು. ಲೆಂಪಿ ಸೊರಗಿದ್ದಳು, ತೆಳ್ಳಗಿನ ಪುಸ್ತಕ ಓದಿ ಓದಿ ಇವಳೂ ಹಾಗೇ ಆಗುತ್ತಿದ್ದಾಳೆ ಎಂದು ರೌಹಾ ಒಳಗೇ ಕೊಂಕು ಆಡಿಕೊಂಡಿದ್ದಳು.

"ಎಲ್ಲಿಗೆ ಬಂತು?" ಎಂದು ಲೆಂಪಿ ಕೇಳಿದಳು.

"ಹತ್ತನೇ ಸಂಪುಟ," ಎಂದಳು ರೌಹಾ ಥಟ್ಟನೆ. "ಅಬ್ಬಬ್ಬಾ, ಏನೇನೆಲ್ಲ ಆಯ್ತು ಗೊತ್ತಾ! ನೀನು ಬಿಟ್ಟಿದ್ದು ಒಳ್ಳೇದೇ ಆಯ್ತು, ನಿನ್ನ ಎದೆ ತಡೀತಿರಲಿಲ್ಲ."

"ಗುಮಾಸ್ತನೇ ತಾನೇ?"

"ಹೇಳಲ್ಲ. ಬೇಕಿದ್ರೆ ಓದ್ಕೋ."

ಲೆಂಪಿ ಅವಳನ್ನೇ ಒಂದು ಗಳಿಗೆ ನೋಡಿದಳು. "ಒಳ್ಳೇದು ಕಣೇ. ನಿಲ್ಲಿಸ್ಬೇಡ," ಎಂದಳು. ರೌಹಾ ಅವತ್ತು ಬಸ್ಸಿನಿಂದ ತೆಗೆದುಕೊಂಡು ಹೋದದ್ದು ಸ್ವೆಟರ್ ಹೆಣೆಯುವ ಎರಡು ಪತ್ರಿಕೆ ಮಾತ್ರ. ಜೂನ್ ಬಂದ ಮೇಲೆ ಬಸ್ಸಿಗೆ ಹೋಗುವುದನ್ನೂ ಬಿಟ್ಟಳು.

*

ಸಭಾಭವನದಲ್ಲಿ ಮಾಂಸದ ಸಾರು, ಆಲೂಗಡ್ಡೆ, ಬೀಟ್‌ರೂಟಿನ ಕೋಸಂಬರಿ ಎಲ್ಲ ಆಗಿ ಕಾಫಿ ಬಂತು. ಕಾಫಿಯ ಜೊತೆ ಏಲಕ್ಕಿ ಬನ್ನು. ಕಾಫಿ ಬಂದಿತೆಂದರೆ ಸಂತಾಪದ ಕಾರ್ಡುಗಳನ್ನು ಓದುವ ಹೊತ್ತಾಯಿತು ಎಂದರ್ಥ. ದೂರದಿಂದ ಬರಲಾಗದವರು, ಬರಲು ಇಷ್ಟವಿಲ್ಲದವರು ಕಳಿಸಿದ ಕಾರ್ಡುಗಳನ್ನು ಒಬ್ಬರು ಎದ್ದು ನಿಂತು ಎಲ್ಲರೆದುರು ಓದುತ್ತಾರೆ. ಉಳಿದವರು ಬನ್ನು ಮುರಿಯುತ್ತಾ, ಯಾರದು ಬಂತು, ಯಾರದು ಬರಲಿಲ್ಲ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ.

ಲೆಂಪಿಯ ತಂಗಿಯ ಮಗ ಓಸ್ಮೊ ಬುಟ್ಟಿಯೊಂದನ್ನು ಹಿಡಿದು ರೌಹಾಳ ಮುಂದೆ ನಿಂತ. ಐವತ್ತು ದಾಟಿದವನು, ತಾಂಪೆರೆ ನಗರದಿಂದ ಎರಡು ದಿನ ಮುಂಚೆ ಬಂದು ಒಬ್ಬನೇ ಎಲ್ಲ ಏರ್ಪಾಡು ಮಾಡಿ ಸುಸ್ತಾಗಿದ್ದ.

"ರೌಹಾ ಚಿಕ್ಕಮ್ಮ, ಇವನ್ನ ನೀವೇ ಓದ್ಬೇಕು. ದೊಡ್ಡಮ್ಮ ಆಸ್ಪತ್ರೇಲೇ ಹೇಳಿದ್ರು, 'ರೌಹಾ ಓದಲಿ, ಇಲ್ದಿದ್ರೆ ಹಿಂದಿನ ಮೇಜಿಗೆ ಕೇಳಲ್ಲ' ಅಂತ."

"ನನ್ನ ಹೆಸರು ಹೇಳಿದ್ಳಾ?"

"ಹೇಳಿದ್ರು."

ರೌಹಾ ಎದ್ದಳು. ನಿಲ್ದಾಣದ ಕೆಲಸ ಬಿಟ್ಟು ಹತ್ತು ವರ್ಷವಾದರೂ ಅಲ್ಲಿಯ ಒಂದು ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಕೈಗೆ ಬಂದ ಚೀಟಿಯನ್ನು ಮೊದಲು ತಾನು ಓದಿ ನೋಡದೆ ಬಾಯಿಗೇ ಕಳಿಸಿಬಿಡುವುದು. ಬುಟ್ಟಿಯಿಂದ ಮೊದಲನೆಯ ಕಾರ್ಡು ತೆಗೆದಳು, ಶಾಲೆಯ ಹಳೆಯ ಹೆಡ್‌ಮಾಸ್ತರರದು. ಎರಡನೆಯದು ದಂತವೈದ್ಯರ ಮನೆಯವರದು. ಮೂರನೆಯದು ಸ್ವಲ್ಪ ಹಳದಿಗಟ್ಟಿದ ದಪ್ಪ ಕಾಗದ, ಅಂಗೈಯಷ್ಟು ಅಗಲ.

"'ಜೇನುಹುಳುಗಳು,'" ಎಂದು ರೌಹಾ ಭವನ ತುಂಬುವಂತೆ ಓದಿದಳು. "'ನೂರ ನಲವತ್ತು ಪುಟ, ನಾಲ್ಕು ದಿನ. ರಾಣಿ ರಾಣಿಯೇ ಅಲ್ಲ. ಅವಳು ಎಲ್ಲಿಗೆ ಹೋಗಬೇಕೆಂದು ಉಳಿದವರು ತೀರ್ಮಾನಿಸಿ ತಳ್ಳಿಕೊಂಡು ಹೋಗುತ್ತಾರೆ. ನಮ್ಮ ಹೆಡ್‌ಮಾಸ್ತರರನ್ನು ನಾವು ನಡೆಸಿಕೊಂಡು ಹೋದ ಹಾಗೆ.'"

ರೌಹಾ ಕಾರ್ಡನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಟೈಪು ಮಾಡಿದ ಪುಸ್ತಕವೊಂದರ ಹೆಸರು, ನಂಬರು, ಮಧ್ಯೆ ಒಂದು ತೂತು. ಲೈಬ್ರರಿಯಲ್ಲಿ ಹಿಂದೆ ಮರದ ಖಾನೆಗಳಲ್ಲಿ ಇರುತ್ತಿದ್ದ ಕಾರ್ಡು. ಕಂಪ್ಯೂಟರ್ ಬಂದ ಮೇಲೆ ತಾಪಿಯೊ ಅವನ್ನು ಕಟ್ಟುಕಟ್ಟಾಗಿ ಬರೆಯುವ ಕಾಗದಕ್ಕೆಂದು ಕೇಳಿದವರಿಗೆಲ್ಲ ಹಂಚುತ್ತಿದ್ದ. ಈಚೆ ಬದಿಯ ಅಕ್ಷರ ಮಾತ್ರ ಲೆಂಪಿಯದೇ, ದುಂಡಗೆ, ಶಾಲೆಯ ಊಟದ ಪಟ್ಟಿ ಬರೆದಂತೆ.

"ಅಯ್ಯಯ್ಯೋ," ಎಂದ ಓಸ್ಮೊ, ಕುರ್ಚಿಯಿಂದ ಅರ್ಧ ಎದ್ದು. "ಅಡುಗೆಮನೆ ಮೇಜಿನ ಮೇಲೆ ಒಂದು ಡಬ್ಬಿ ತುಂಬ ಕಾರ್ಡಿದ್ವು. ಎಲ್ಲ ಸಂತಾಪದ್ದೇ ಅನ್ಕೊಂಡು ಬುಟ್ಟಿಗೆ ಸುರಿದುಬಿಟ್ಟೆ. ಕೊಡಿ ಚಿಕ್ಕಮ್ಮ, ಬೇರೆ ಮಾಡ್ತೀನಿ."

"ಏಯ್, ಕೂತ್ಕೊಳ್ಳಪ್ಪಾ," ಎಂದ ಯಲ್ಮಾರಿ. "ಓದಲಿ. ಸಂತಾಪ ಯಾವಾಗ ಬೇಕಾದ್ರೂ ಕೇಳಬಹುದು. ನಂಗೂ ಎಂಬತ್ಮೂರಾಯ್ತು, ಸಾವಿಗೆ ಹೋಗಿ ಹೋಗಿ ಎಲ್ಲ ಬಾಯಿಪಾಠ ಆಗಿದೆ."

ಯಾರೋ ನಕ್ಕರು. ಪಾದ್ರಿಣಿ ಬನ್ನಿನ ಮೇಲಿನ ಸಕ್ಕರೆಯನ್ನು ಬೆರಳಿಂದ ಒರೆಸಿಕೊಳ್ಳುತ್ತಾ, "ಓದಿ," ಎಂದರು.

ರೌಹಾ ಓದಿದಳು.

"'ಒಂದು ಕಿರುಕಾದಂಬರಿ. ತೊಂಬತ್ತಾರು ಪುಟ, ಎರಡು ದಿನ. ದೋಣಿ ನಡೆಸುವವನ ಒಂದೇ ದಿನದ ಕತೆ. ಹತ್ತು ಜನ ಹತ್ತಿ ಇಳಿಯುತ್ತಾರೆ, ಅಷ್ಟೇ. ಇಷ್ಟು ಸಣ್ಣದರಲ್ಲಿ ಇಷ್ಟು ಜನ ಹೇಗೆ ಹಿಡಿದರು ಎಂದು ಮತ್ತೊಮ್ಮೆ ಓದಿ ನೋಡಿದೆ. ಗೊತ್ತಾಗಲಿಲ್ಲ.'

"'ಆಲೂಗಡ್ಡೆಯ ಚರಿತ್ರೆ. ನೂರ ಹದಿನೆಂಟು. ಮೂವತ್ತನಾಲ್ಕು ವರ್ಷ ಸುಲಿದೆ, ಅದು ಸಮುದ್ರ ದಾಟಿ ಬಂದದ್ದೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತು ಸಂಜೆ ಒಂದನ್ನು ಸಿಪ್ಪೆ ಸಮೇತ ಬೇಯಿಸಿ, ಗೌರವದಿಂದ ತಿಂದೆ.'

"'ಕಿರುಕಾದಂಬರಿ. ಎಂಬತ್ತು ಪುಟ, ಒಂದೇ ಮಧ್ಯಾಹ್ನ. ಚೆನ್ನಾಗಿ ಬರೆದಿದ್ದಾರೆ. ಆದರೆ ಆ ಕುದುರೆಯನ್ನು ಸಾಯಿಸಬಾರದಿತ್ತು.'"

"ಕುದುರೆ ಸತ್ತೋಯ್ತಾ?" ಎಂದ ಯಲ್ಮಾರಿ. "ಯಾಕೆ?"

"ಅದನ್ನ ಬರೆದಿಲ್ಲ."

"ಅಲ್ಲ, ಯಾರಾದ್ರೂ ಕೊಂದ್ರಾ? ಇಲ್ಲ ವಯಸ್ಸಾಗಿತ್ತಾ?"

"ನಂಗೇನ್ ಗೊತ್ತು ಯಲ್ಮಾರಿ! ನಾನು ಓದಿದೀನಾ?"

ಈ ಸಲ ಭವನವೇ ನಕ್ಕಿತು. ಇಬ್ಬರು ಹೆಂಗಸರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಲೆಂಪಿ ಇಷ್ಟೆಲ್ಲ ಯೋಚನೆ ಮಾಡುತ್ತಿದ್ದಳೆಂದು ಊರಿಗೆ ಗೊತ್ತಿರಲಿಲ್ಲ. ಸೌಟು ಹಿಡಿದವಳು ತಟ್ಟೆ ನೋಡುತ್ತಾಳೆ ಎಂದಷ್ಟೇ ಅಂದುಕೊಂಡಿದ್ದರು. ಬಂಡೆಯ ಮೇಲಿನ ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲವೆಂದು ಒಂದು ಕಾರ್ಡು ಹೇಳಿತು, ಅದರ ಕೆಳಗೆ 'ಅವಸರವಿಲ್ಲದವರ ಬಗ್ಗೆ ಓದುವುದು ಹಿತ' ಎಂದಿತ್ತು. ಓದುತ್ತಾ ಓದುತ್ತಾ ರೌಹಾಳ ಸ್ವರಕ್ಕೆ ಜೀವ ಬಂತು. ಹನ್ನೊಂದು ತಿಂಗಳ ನಂತರ ಲೆಂಪಿ ಅವಳ ಬಾಯಲ್ಲಿ ಕೂತು ಮಾತಾಡುತ್ತಿದ್ದಳು. ರೌಹಾಳಿಗೆ ಸಂತೋಷವಾಯಿತು, ಆ ಸಂತೋಷಕ್ಕೆ ಅವಳಿಗೇ ನಾಚಿಕೆಯೂ ಆಯಿತು.

ಮುಂದಿನ ಕಾರ್ಡನ್ನೂ ಹಾಗೇ ಬಾಯಿಗೆ ಕಳಿಸಿದಳು.

"'ಹೊಟ್ಟೆಯೊಳಗೆ ಏನಿದೆ. ನೂರ ಅರವತ್ತು ಪುಟ, ಚಿತ್ರಗಳಿವೆ. ಡಾಕ್ಟರು ಕೈಯಲ್ಲಿ ತೋರಿಸಿದಾಗ ಅರ್ಥವಾಗಿರಲಿಲ್ಲ. ಈಗ ಆ ಗಡ್ಡೆ ಎಲ್ಲಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಎಂದು ಗೊತ್ತಾಯಿತು. ಗೊತ್ತಿಲ್ಲದಾಗ ಇದ್ದ ಭಯ ಗೊತ್ತಾದ ಮೇಲೆ ಇಲ್ಲ. ಪೂರ್ತಿ ಇಲ್ಲವೆಂದಲ್ಲ.'"

ರೌಹಾ ಕಾರ್ಡಿನ ಮೇಲುಗಡೆ ಮೂಲೆಯಲ್ಲಿದ್ದ ಸಣ್ಣ ಅಂಕೆಯನ್ನು ಆಗಲೇ ಗಮನಿಸಿದ್ದು. ನಾಲ್ಕು. ಲೆಂಪಿ ಅಡುಗೆಯ ವಿಧಾನ ಬರೆದಿಡುವ ಕಾರ್ಡುಗಳಿಗೆ ಹಾಕುವಂತೆ ಇವಕ್ಕೂ ನಂಬರು ಹಾಕಿದ್ದಳು.

"ಓಸ್ಮೊ, ಇದು ನಾಲ್ಕನೇದು. ಅಂದ್ರೆ ಹೋದ ವರ್ಷದ್ದು. ಯಾವಾಗಿಂದ ಗೊತ್ತಿತ್ತು ಅವಳಿಗೆ?"

ಓಸ್ಮೊ ಕಾಫಿಯ ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸಿದ. "ಅಕ್ಟೋಬರಿಂದ. ಒಂದು ವರ್ಷ ಅಂದಿದ್ರಂತೆ ಡಾಕ್ಟರು. ನಂಗೂ ಹೇಳಿದ್ದು ಮೇ ತಿಂಗಳಲ್ಲಿ. ಯಾರಿಗೂ ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಅದ್ರಲ್ಲೂ..."

"ಅದ್ರಲ್ಲೂ ಯಾರಿಗೆ?"

"ನಿಮಗೆ, ಚಿಕ್ಕಮ್ಮ."

ರೌಹಾ ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸಂತಾಪದ ಕಾರ್ಡುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಹಳದಿ ಕಾರ್ಡುಗಳ ಮೂಲೆ ನೋಡುತ್ತಾ ಹೋದಳು. ಮೂವತ್ತೊಂದು, ಒಂಬತ್ತು, ನಲವತ್ತಾರು, ಹದಿನೇಳು. ಒಂದನೆಯದು ಇನ್ನೂ ಓದದ ಸಂತಾಪದ ಕಾರ್ಡೊಂದರೊಳಗೆ ಸಿಕ್ಕಿಕೊಂಡಿತ್ತು. ಆವತ್ತು ಮೊದಲ ಬಾರಿಗೆ ಅವಳು ಒಂದು ಚೀಟಿಯನ್ನು ಬಾಯಿಗೆ ಕಳಿಸುವ ಮುಂಚೆ ತಾನು ಓದಿದಳು.

"ಏನಂತೆ?" ಎಂದ ಯಲ್ಮಾರಿ.

ಮಡಚಿ ಕೈಚೀಲಕ್ಕೆ ಹಾಕಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ರೌಹಾ ಗಟ್ಟಿಯಾಗಿ ಓದಿದಳು.

"'ಏಳನೆಯ ಸಂಪುಟ. ಐನೂರು ಪುಟದಲ್ಲಿ ಇನ್ನೂರ ಎಪ್ಪತ್ತಕ್ಕೆ ಬಿಟ್ಟೆ. ಇನ್ನೂ ಐದು ಸಂಪುಟ ಇವೆ, ಅಷ್ಟು ಕಾಲ ನನಗಿಲ್ಲ. ಅರ್ಧಕ್ಕೆ ಬಿಟ್ಟು ಹೋಗುವುದು ನನಗಾಗದು. ಇನ್ನು ಮುಗಿಸಲು ಆಗುವುದನ್ನು ಮಾತ್ರ ಓದುತ್ತೇನೆ. ರೌಹಾಗೆ ಹೇಳುವುದಿಲ್ಲ. ಗಂಡ ಸತ್ತಾಗ ಮೂರು ವರ್ಷ ಪುಸ್ತಕ ಮುಟ್ಟದೆ ಗೋಡೆ ನೋಡುತ್ತಾ ಕೂತಿದ್ದಳು. ಹೇಳಿದರೆ ಈಗಲೂ ಎಲ್ಲ ಬಿಟ್ಟು ನನ್ನ ಮಂಚದ ಪಕ್ಕ ಕೂತು ನನ್ನ ಮುಖ ನೋಡುತ್ತಾಳೆ. ಅದರ ಬದಲು ಸಿಟ್ಟು ಮಾಡಿಕೊಳ್ಳಲಿ. ಸಿಟ್ಟಿನಲ್ಲಾದರೂ ಓದುತ್ತಾಳೆ.'"

ಪಾದ್ರಿಣಿ ಕಣ್ಣು ಒರೆಸಿಕೊಂಡರು. ರೌಹಾ ಒರೆಸಿಕೊಳ್ಳಲಿಲ್ಲ, ಅವಳ ಕೈ ಆಗಲೇ ಕೊನೆಯ ನಂಬರನ್ನು ಹುಡುಕುತ್ತಿತ್ತು. ನಲವತ್ತೇಳು. ಅದರ ಆಚೆ ಯಾವುದೂ ಇರಲಿಲ್ಲ.

"'ಜುಲೈ. ಇದು ಪುಸ್ತಕದ ಕಾರ್ಡಲ್ಲ. ಹತ್ತನೆಯ ಸಂಪುಟದಲ್ಲಿದ್ದೇನೆ ಎಂದು ರೌಹಾ ಫೆಬ್ರವರಿಯಲ್ಲಿ ಹೇಳಿದಳು. ಆದರೆ ಎಂಟನೆಯದು ಬಸ್ಸಿನ ಅದೇ ಕಪಾಟಿನಲ್ಲಿ, ಅದೇ ಜಾಗದಲ್ಲಿ ನಿಂತಿದೆ. ಎರಡು ಪ್ರತಿಯೂ. ನಾನು ಪ್ರತಿ ಸಲ ನೋಡುತ್ತೇನೆ. ಮೇಲೆ ಧೂಳಿದೆ. ಇವಳು ಸಿಟ್ಟಿನಲ್ಲೂ ಓದಲಿಲ್ಲ. ನನಗೋಸ್ಕರ ಕಾದು ಕೂತಿದ್ದಾಳೆ, ದಡ್ಡಿ. ನಾನು ಮಾಡಿದ್ದೆಲ್ಲ ತಲೆಕೆಳಗಾಯಿತು. ಈಗೇನು ಮಾಡುವುದು?'"

ರೌಹಾ ಕಾರ್ಡನ್ನು ಕೆಳಗಿಟ್ಟಳು.

"ನಿಜ," ಎಂದಳು, ಹಿಂದಿನ ಮೇಜಿಗೂ ಕೇಳುವಂತೆ. "ಹತ್ತು ಅಂದಿದ್ದು ಸುಳ್ಳು. ಏಳನೇದು ಮುಗಿಸಿದ್ದೇ ಕೊನೆ, ಎಂಟನೇದನ್ನ ನಾನು ಮುಟ್ಟೇ ಇಲ್ಲ. ಒಬ್ಬಳೇ ಓದಿ ಯಾರ ಹತ್ರ ಹೇಳ್ಲಿ?"

ಆಮೇಲೆ ಕೂತುಬಿಟ್ಟಳು. ಅಳು ಬಂತು, ಅತ್ತಳು. ಯಲ್ಮಾರಿ ತನ್ನ ದೊಡ್ಡ ಕೈಯನ್ನು ಅವಳ ಭುಜದ ಮೇಲೆ ಇಟ್ಟು, ಅವಳ ತಟ್ಟೆಗೆ ಇನ್ನೊಂದು ಬನ್ನು ಹಾಕಿದ. ಲೆಂಪಿ ತನ್ನನ್ನು ಬಿಟ್ಟಿರಲಿಲ್ಲ. ಅದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೊನೆಯ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ತಾನಾಗಿದ್ದಳು. ಜುಲೈ ತಿಂಗಳು ಪೂರ್ತಿ ತಾನು ಬಸ್ಸಿನ ಹತ್ತಿರ ಸುಳಿಯದೆ ಮನೆಯಲ್ಲಿ ಸ್ವೆಟರ್ ಹೆಣೆಯುತ್ತಾ ಕೂತಿದ್ದಳು.

ಉಳಿದ ಕಾರ್ಡುಗಳು ಮೇಜಿನಿಂದ ಮೇಜಿಗೆ ಕೈ ಬದಲಿಸುತ್ತಾ ಹೋದವು. ಒಬ್ಬರು ಓದಿ ಇನ್ನೊಬ್ಬರಿಗೆ ಕೊಟ್ಟರು. ಆಲೂಗಡ್ಡೆಯದು ನನಗೆ ಬೇಕು ಎಂದು ಯಾರೋ ಅಂದರು, ದೋಣಿಯದನ್ನು ನಾನು ಮೊದಲು ಹಿಡಿದೆ ಎಂದು ಇನ್ನೊಬ್ಬರು. ತಾಪಿಯೊ ಗಡಿಯಾರ ನೋಡಿಕೊಂಡು ಎದ್ದ.

"ಮುಂದಿನ ಊರಿಗೆ ಮೂರು ಗಂಟೆಗೆ ಹೋಗ್ಬೇಕು. ಇನ್ನು ಇಪ್ಪತ್ತು ನಿಮಿಷ ಇದೆ. ಯಾರಿಗಾದ್ರೂ ಪುಸ್ತಕ ಬೇಕಿದ್ರೆ ಬಸ್ಸಿನ ಬಾಗಿಲು ತೆಗೀತೀನಿ," ಎಂದ.

ಕಪ್ಪು ಕೋಟು, ಕಪ್ಪು ಟೋಪಿ, ಕಪ್ಪು ಕಾಲುಚೀಲಗಳ ಸಾಲು ಸಭಾಭವನದ ಬಾಗಿಲಿಂದ ಬರ್ಚ್ ಮರಗಳವರೆಗೆ ಬೆಳೆಯಿತು. ಎಲ್ಲರಿಗಿಂತ ಮುಂದೆ ಯಲ್ಮಾರಿ ನಿಂತಿದ್ದ.

"ಆ ಕುದುರೆದು ಕೊಡು."

"ನಿಮ್ಮ ಹತ್ರ ಲೈಬ್ರರಿ ಕಾರ್ಡ್ ಇದೆಯಾ?"

"ಎಂಬತ್ಮೂರು ವರ್ಷ ಬೇಕಾಗಿರಲಿಲ್ಲ. ಈಗ ಬೇಕು. ಕುದುರೆ ವಿಷಯ."

ತಾಪಿಯೊ ಅರ್ಜಿ ತುಂಬುತ್ತಿರುವಾಗ ಓಸ್ಮೊ ಕಾರಿನಿಂದ ಬಟ್ಟೆಯ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟ. "ದೊಡ್ಡಮ್ಮನ ಮನೇಲಿದ್ದ ಲೈಬ್ರರಿ ಪುಸ್ತಕ. ಆಸ್ಪತ್ರೆಗೂ ಇವನ್ನ ತಗೊಂಡು ಹೋಗಿದ್ರು. ವಾಯಿದೆ ಮೀರಿದೆಯೋ ಏನೋ."

ತಾಪಿಯೊ ಒಂದೊಂದನ್ನೇ ಯಂತ್ರದ ಕೆಳಗೆ ಹಿಡಿದ. ಪ್ರತಿಯೊಂದಕ್ಕೂ ಅದು ಕೀಂಕ್ ಎಂದಿತು. ಒಂದು ತೆಳ್ಳಗಿನದು. ಇನ್ನೊಂದು ತೆಳ್ಳಗಿನದು. ಮೂರನೆಯದನ್ನು ತೆಗೆಯಲು ಅವನು ಎರಡೂ ಕೈ ಹಾಕಿದ.

ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದ ರೌಹಾ ಉಳಿದವರನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲು ಹತ್ತಿದಳು.

"ಅದು ಎಂಟನೇದು," ಎಂದಳು.

"ಹೌದು."

"ಅವಳು ತಗೊಂಡಿದ್ಳಾ?"

"ಅದನ್ನ ನಾನು ಹೇಳೋ ಹಾಗಿ..." ಎಂದ ತಾಪಿಯೊ, ಮಾತು ನಿಲ್ಲಿಸಿ, ಪುಸ್ತಕವನ್ನು ಅವಳ ಕೈಗೇ ಕೊಟ್ಟ.

ಐನೂರ ಮೂವತ್ತು ಪುಟದ ಪುಸ್ತಕ. ಒಳಗೆ, ಕೊನೆಗೆ ಹತ್ತಿರದಲ್ಲಿ, ಕಾಫಿ ಪೊಟ್ಟಣದಿಂದ ಹರಿದ ಕೆಂಪು ಚೂರೊಂದು ಇತ್ತು. ಅದರ ಮೇಲೆ ಏನಾದರೂ ಬರೆದಿರಬಹುದೆಂದು ರೌಹಾ ಎರಡೂ ಬದಿ ನೋಡಿದಳು. ಏನೂ ಇರಲಿಲ್ಲ. ಪುಟದ ನಂಬರು ನೋಡಿದಳು.

"ನಾನೂರ ಹನ್ನೆರಡು," ಎಂದಳು. ಇನ್ನೊಮ್ಮೆ ಹೇಳಿದಳು. "ಏಳನೇದನ್ನ ಅರ್ಧಕ್ಕೇ ಬಿಟ್ಟವಳು, ಮುಗಿಸೋಕಾಗಲ್ಲ ಅಂತ ಗೊತ್ತಿದ್ದೂ ಇದನ್ನ ಶುರು ಮಾಡಿದಾಳೆ ಇವಳು. ನಾನೂರ ಹನ್ನೆರಡು ಪುಟ! ನಂಗಿಂತ ಅಷ್ಟು ಮುಂದೆ ಹೋಗ್ಬಿಟ್ಟಿದಾಳೆ."

"ಚೀಟಿ ಇರೋ ಕಡೆಯಿಂದ ಓದ್ತೀರಾ ರೌಹಕ್ಕ?"

"ಅಲ್ಲಿಂದ ಯಾಕೆ? ಮೊದಲ್ನೇ ಪುಟದಿಂದ. ಮೊದಲು ಅವಳನ್ನ ಹಿಡೀಬೇಕಲ್ಲ."

ತಾಪಿಯೊ ಪುಸ್ತಕವನ್ನು ಅವಳ ಹೆಸರಿಗೆ ಬರೆದುಕೊಂಡ. ರೌಹಾ ಇಳಿಯಲು ಹೋದವಳು ಇಳಿಯಲೇ ಇಲ್ಲ. ಕಪ್ಪು ಲಂಗವನ್ನು ಸರಿಮಾಡಿಕೊಂಡು ಬಸ್ಸಿನ ಕೆಳಗಿನ ಮೆಟ್ಟಿಲ ಮೇಲೆ ಕೂತಳು, ಕೆಂಪು ಚೂರನ್ನು ಇದ್ದಲ್ಲೇ ಬಿಟ್ಟು, ಪುಸ್ತಕದ ಮೊದಲ ಪುಟ ತೆರೆದಳು. ಹತ್ತುವವರು ಅವಳ ಭುಜ ಹಿಡಿದು ದಾಟಿಕೊಂಡು ಹತ್ತಿದರು, ಇಳಿಯುವವರು ಹಾಗೇ ಇಳಿದರು. ಯಲ್ಮಾರಿ ತನ್ನ ಕುದುರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಕಾಲು ತೆಗಿಯೇ," ಎಂದ. ರೌಹಾ ತಲೆಯೆತ್ತದೆ ಮಂಡಿಗಳನ್ನು ಒಂದು ಕಡೆ ತಿರುಗಿಸಿ ಅವನಿಗೆ ದಾರಿ ಬಿಟ್ಟು, ಪುಟ ಮಗುಚಿದಳು.